ಹೀರೋ ಬಾಯಿ ತೆರೆದ... ಹೀರೋಯಿನ್ ಮುಖ ತಿರುಗಿಸಿದಳು!

ಮೊದಲು ಸಿನಿಮಾಕ್ಕೆ ಮಾತಿರಲಿಲ್ಲ, ಬಂತು. ಕನ್ನಡಕ್ಕೆ ಅದು ಬಂದದ್ದು 1934ರಲ್ಲಿ, ‘ಸತಿ ಸುಲೋಚನ’ದ ಮೂಲಕ. ಆಮೇಲೆ ಬಣ್ಣ ಬಂತು. ಸ್ಕೋಪ್ ಬಂತು, ಸ್ಟೀರಿಯೋ ಬಂತು, ತ್ರೀ-ಡಿ ಬಂತು. ಆದರೆ ವಾಸನೆ...? ಅದೊಂದು ಮಾತ್ರ ಸಿನಿಮಾಕ್ಕೆ ಸರಿಯಾಗಿ ಒಗ್ಗಲೇ ಇಲ್ಲ!

ಪ್ರಯತ್ನ ಪಟ್ಟವರಿಲ್ಲ ಅಂತಲ್ಲ. 1960ರಲ್ಲಿ ಅಮೆರಿಕದ ಮೈಕ್ ಟಾಡ್ ಜೂನಿಯರ್ ‘ಸೆಂಟ್ ಆಫ್ ಮಿಸ್ಟರಿ’ ಅಂತ ಒಂದು ಚಿತ್ರ ತೆಗೆದ. ಥಿಯೇಟರಿನ ಸೀಟುಗಳಿಗೆ ಕೊಳವೆ ಹಾಕಿಸಿ, ದೃಶ್ಯಕ್ಕೆ ತಕ್ಕ ಹಾಗೆ ವಾಸನೆ ಬಿಡಿಸಿದ. ಚಿತ್ರ ಮಲಗಿತು. 1981ರಲ್ಲಿ ಜಾನ್ ವಾಟರ್ಸ್ ‘ಪಾಲಿಯೆಸ್ಟರ್’ ಚಿತ್ರಕ್ಕೆ ಬಂದವರ ಕೈಗೆ ಹತ್ತು ನಂಬರಿನ ಕಾರ್ಡು ಕೊಟ್ಟ. ಪರದೆ ಮೇಲೆ ನಂಬರು ಬಂದಾಗ ಕೆರೆದು ಮೂಸಬೇಕು! ಅದೂ ಒಂದು ತಮಾಷೆಯಾಗಿ ಉಳಿಯಿತೇ ಹೊರತು ಹೊಸ ದಾರಿ ಆಗಲಿಲ್ಲ.

ಆಗದೇ ಇದ್ದದ್ದೇ ಒಳ್ಳೆಯದಾಯಿತು ಅನ್ನಬೇಕು. ಇಲ್ಲದಿದ್ದರೆ ಎಷ್ಟೋ ಡ್ಯುಯೆಟ್ಟುಗಳನ್ನು ನಾವು ಮೂಗಿಗೆ ಕರ್ಚೀಫ್ ಹಿಡಿದುಕೊಂಡೇ ನೋಡಬೇಕಾಗುತ್ತಿತ್ತು!

ನಗಬೇಡಿ. ಉದಾಹರಣೆ ಕೊಡುತ್ತೇನೆ.

‘ಗಾನ್ ವಿತ್ ದಿ ವಿಂಡ್’ (1939) ಚಿತ್ರದ ಕ್ಲಾರ್ಕ್ ಗೇಬಲ್ ಯಾರಿಗೆ ಗೊತ್ತಿಲ್ಲ? ಹಾಲಿವುಡ್ಡಿನ ‘ಕಿಂಗ್’ ಅಂತಲೇ ಹೆಸರು. ತೆಳು ಮೀಸೆ, ತುಂಟ ನಗು, ಹುಡುಗಿಯರೆಲ್ಲ ಫಿದಾ. ಅಂಥವನ ಜೊತೆ ಪ್ರಣಯದ ದೃಶ್ಯ ಅಂದರೆ ನಾಯಕಿ ವಿವಿಯನ್ ಲೀ ಮುಖ ಕಿವುಚುತ್ತಿದ್ದಳು, ಅವನ ಬಾಯಿ ವಾಸನೆ ತಡೆಯಲಾಗುವುದಿಲ್ಲ ಅಂತ ದೂರುತ್ತಿದ್ದಳು ಅನ್ನೋ ಮಾತು ಹಾಲಿವುಡ್ಡಿನಲ್ಲಿ ಇಂದಿಗೂ ಓಡಾಡುತ್ತದೆ. ಆ ಮಾತು ಎಷ್ಟು ಸತ್ಯವೋ, ಅದರ ಹಿಂದಿನ ಕಥೆಯಂತೂ ಸತ್ಯ. 1933ರಲ್ಲಿ ಗೇಬಲ್‌ಗೆ ಇನ್ನೂ ಮೂವತ್ತೆರಡು ವರ್ಷ. ವಸಡಿನ ಸೋಂಕು ಏರಿ ಆಸ್ಪತ್ರೆ ಸೇರಿದ. ಪೆನಿಸಿಲಿನ್ ಆಗಿನ್ನೂ ಔಷಧಿಯಾಗಿ ಬಂದಿರಲಿಲ್ಲ. ಹೆಚ್ಚುಕಮ್ಮಿ ಎಲ್ಲಾ ಹಲ್ಲುಗಳನ್ನೂ ಕೀಳಿಸಿ ಕಟ್ಟುಹಲ್ಲು ಹಾಕಬೇಕಾಯಿತು. ಮಾರನೇ ವರ್ಷ ಅವನಿಗೆ ಆಸ್ಕರ್ ತಂದುಕೊಟ್ಟ ‘ಇಟ್ ಹ್ಯಾಪನ್ಡ್ ಒನ್ ನೈಟ್’ನಲ್ಲಿ ನೀವು ನೋಡುವ ಆ ಮೋಹಕ ನಗು ಇದೆಯಲ್ಲ... ಅದು ಕಟ್ಟುಹಲ್ಲಿನ ನಗು ಸ್ವಾಮಿ!

ಹಾಲಿವುಡ್ಡಿನ ರಾಜನಿಗೇ ಹೀಗಾದರೆ, ನಮ್ಮ ನಿಮ್ಮ ಪಾಡೇನು?

ಮೈಕಿನ ಮುಂದೆ ಒಂಟಿ

ನನಗೊಬ್ಬ ಗೆಳೆಯನಿದ್ದಾನೆ. ಹೆಸರು ಹಾಕಬೇಡ ಅಂದಿದ್ದಾನೆ, ಕಥೆ ಬರಿ ಅಂದಿದ್ದಾನೆ. ವಯಸ್ಸು ಇಪ್ಪತ್ತಾರು. ಊರು ಬಿಟ್ಟು ಬೆಂಗಳೂರಿಗೆ ಬಂದದ್ದು ನಟನಾಗಲು. ಹೊಟ್ಟೆ ಹೊರೆಯುತ್ತಿರುವುದು ಡಬ್ಬಿಂಗ್‌ನಲ್ಲಿ. ಕಂಠ ಅಂದರೆ ಕಂಠ! ಪೊಲೀಸ್ ಪೇದೆಯಿಂದ ಹಿಡಿದು ಹಳ್ಳಿ ಗೌಡನವರೆಗೆ ಯಾವ ಧ್ವನಿ ಬೇಕಾದರೂ ತೆಗೆಯುತ್ತಾನೆ. ಜಾತ್ರೆ, ಮದುವೆ, ಗಲಾಟೆ ಸೀನುಗಳಿಗೆ ಐದಾರು ಜನ ಒಂದೇ ಮೈಕಿನ ಸುತ್ತ ನಿಂತು ಕೂಗುತ್ತಾರಲ್ಲ, ಆ ಗುಂಪಿನಲ್ಲಿ ಇವನಿಲ್ಲದೆ ಕೆಲಸವೇ ನಡೆಯುತ್ತಿರಲಿಲ್ಲ.

ಒಂದು ವರ್ಷದಿಂದ ಕರೆ ಕಡಿಮೆಯಾಗುತ್ತಾ ಬಂತು. ಗುಂಪಿನಲ್ಲಿ ನಿಂತರೆ ಅಕ್ಕಪಕ್ಕದವರು ಒಂದು ಹೆಜ್ಜೆ ಆಚೆ. “ನೀನು ಕೊನೆಗೆ ನಿಲ್ಲು ಗುರು” ಅನ್ನೋರು. “ನಿಂದು ಬೇರೆ ಟ್ರ್ಯಾಕ್ ತಗೋತೀವಿ” ಅನ್ನೋರು. ಆಮೇಲಾಮೇಲೆ ಅದೂ ಇಲ್ಲ. ಇವನು ಅಂದುಕೊಂಡದ್ದು, ಯಾರೋ ಹಿಂದಿನಿಂದ ಚಾಡಿ ಹೇಳಿದ್ದಾರೆ ಅಂತ!

“ನಾನು ಯಾರಿಗೆ ಏನ್ ಅನ್ಯಾಯ ಮಾಡಿದೀನೋ? ಎಲ್ರೂ ಯಾಕೆ ದೂರ ಹೋಗ್ತಾರೆ?” ಅಂತ ಟೀ ಅಂಗಡಿ ಮುಂದೆ ಕೇಳಿದ. ಕೇಳುವಾಗ ನನ್ನ ಮುಖಕ್ಕೆ ಹತ್ತಿರವೇ ನಿಂತಿದ್ದ. ಉತ್ತರ ನನ್ನ ಮೂಗಿಗೆ ಬಡಿಯಿತು.

ಹೇಳಲೋ ಬೇಡವೋ? ಸಾಲ ಕೇಳಬಹುದು, ಜಗಳ ಆಡಬಹುದು. ಗೆಳೆಯನಿಗೆ “ನಿನ್ನ ಬಾಯಿ ನಾರುತ್ತೆ” ಅನ್ನೋದಿದೆಯಲ್ಲ, ಅದು ಬಹಳ ಕಷ್ಟ. ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದೆ. “ಕೋಪ ಮಾಡ್ಕೋಬೇಡ ಕಣೋ. ಚಾಡಿ ಯಾರೂ ಹೇಳಿಲ್ಲ. ನಿನ್ನ ಬಾಯಿಂದ ವಾಸನೆ ಬರುತ್ತೆ. ನಿಂಗೆ ಗೊತ್ತಾಗ್ತಿಲ್ಲ, ಅಷ್ಟೆ. ನಾನೂ ಬರ್ತೀನಿ, ಡಾಕ್ಟರ ಹತ್ರ ಹೋಗೋಣ.”

ಎರಡು ನಿಮಿಷ ಮಾತಿಲ್ಲ. ಆಮೇಲೆ ತಲೆ ತಗ್ಗಿಸಿ ಅಂದ: “ಗೊತ್ತು ಕಣೋ... ಅನುಮಾನ ಇತ್ತು. ಏಲಕ್ಕಿ, ಪೆಪ್ಪರ್‌ಮಿಂಟು, ಸ್ಪ್ರೇ, ಬಣ್ಣದ ನೀರು ಎಲ್ಲಾ ಆಯ್ತು. ಗ್ಯಾಸ್ಟ್ರಿಕ್ ಇರ್ಬೇಕು ಅಂತ ಆರು ತಿಂಗಳಿಂದ ಮಾತ್ರೆ ನುಂಗ್ತಿದೀನಿ.”

ವಿಲನ್ ಹೊಟ್ಟೆಯಲ್ಲಿಲ್ಲ!

ಓದುಗ ಮಿತ್ರರೇ, ನಮ್ಮ ಜನ ಮಾಡುವ ಮೊದಲ ತಪ್ಪೇ ಇದು. ಬಾಯಿ ವಾಸನೆ ಅಂದ ಕೂಡಲೇ “ಹೊಟ್ಟೆ ಸರಿಯಿಲ್ಲ” ಅನ್ನುವುದು. ಗಂಟಲಿನಿಂದ ಹೊಟ್ಟೆಗೆ ಹೋಗುವ ಅನ್ನನಾಳ ಸದಾ ತೆರೆದಿರುವ ಚಿಮಣಿಯಲ್ಲ. ನುಂಗುವಾಗ ತೆರೆಯುತ್ತದೆ, ತೇಗುವಾಗ ತೆರೆಯುತ್ತದೆ, ಉಳಿದಂತೆ ಮುಚ್ಚಿಕೊಂಡಿರುತ್ತದೆ. ಹುಳಿತೇಗಿನ ಕಾಯಿಲೆಯಿಂದ ಕೆಲವರಿಗೆ ವಾಸನೆ ಬರುವುದುಂಟು, ಆದರೆ ಅವರ ಸಂಖ್ಯೆ ಕಡಿಮೆ. ಸದಾ ಕಾಡುವ ಬಾಯಿ ವಾಸನೆಯಲ್ಲಿ ಹತ್ತಕ್ಕೆ ಎಂಟೊಂಬತ್ತು ಪಾಲು ಹುಟ್ಟುವುದು ಬಾಯಲ್ಲೇ. ನಾಲಿಗೆ ಹಿಂಭಾಗ, ವಸಡಿನ ಸಂದಿ, ಹುಳುಕು ಹಲ್ಲು... ಇವೇ ಆ ಅಡ್ಡೆಗಳು!

ಅಡ್ಡೆಯಲ್ಲಿ ಕೂತಿರೋರು ಯಾರು? ಸೂಕ್ಷ್ಮಜೀವಿಗಳು. ಇವರನ್ನು ಮೊದಲು ಕಂಡವನು ಹಾಲೆಂಡಿನ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್. 1683ರಲ್ಲಿ ತನ್ನ ಹಲ್ಲಿನ ಸಂದಿಯ ಬಿಳಿ ಲೋಳೆಯನ್ನು ಕೆರೆದು ತಾನೇ ಮಾಡಿದ ಸೂಕ್ಷ್ಮದರ್ಶಕದಲ್ಲಿ ನೋಡಿದ. ಪುಟಾಣಿ ಜೀವಿಗಳು ಕುಣಿದಾಡುತ್ತಿದ್ದವು! ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದು ತಿಳಿಸಿದ.

ಈ ಜೀವಿಗಳಲ್ಲಿ ಒಂದು ಪಂಗಡಕ್ಕೆ ಗಾಳಿ ಕಂಡರಾಗದು. ಗಾಳಿಯಾಡದ ಸಂದಿಗೊಂದಿಯಲ್ಲಿ ಅಡಗಿ, ಆಹಾರದ ಚೂರು, ಸತ್ತ ಜೀವಕೋಶ, ವಸಡಿನ ರಕ್ತ, ಮೂಗಿನಿಂದ ಗಂಟಲಿಗೆ ಇಳಿಯುವ ಗೊಣ್ಣೆ ಇವುಗಳಲ್ಲಿರುವ ಪ್ರೋಟೀನನ್ನು ಕೊಳೆಸುತ್ತವೆ. ಕೊಳೆತಾಗ ಗಂಧಕದ ಅನಿಲಗಳು ಹುಟ್ಟುತ್ತವೆ. ಒಂದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆ. ಇನ್ನೊಂದು ಮೀಥೈಲ್ ಮರ್ಕ್ಯಾಪ್ಟನ್, ಕೊಳೆತ ಎಲೆಕೋಸಿನ ವಾಸನೆ. ಅಡುಗೆ ಗ್ಯಾಸ್ ಸೋರಿದರೆ ಮೂಗಿಗೆ ಬಡಿಯುವ ವಾಸನೆ ಇದೆಯಲ್ಲ? ಗೊತ್ತಾಗಲಿ ಅಂತ ಗ್ಯಾಸಿಗೆ ಬೆರೆಸೋದೂ ಇದೇ ಮರ್ಕ್ಯಾಪ್ಟನ್ ಕುಲದ ವಸ್ತುವೇ. ಚಿಟಿಕೆಯಷ್ಟಿದ್ದರೂ ಮನೆಯೆಲ್ಲಾ ನಾರುತ್ತದೆ. ಬಾಯಲ್ಲಿ ಅದರ ಕಾರ್ಖಾನೆಯೇ ಇದ್ದರೆ ಪೆಪ್ಪರ್‌ಮಿಂಟು ಏನು ಮಾಡೀತು?

ಹಾಗಾದರೆ ಬೆಳಿಗ್ಗೆ ಎದ್ದಾಗ ಎಲ್ಲರ ಬಾಯೂ ನಾರುತ್ತದಲ್ಲ? ನಾರುತ್ತದೆ. ಸೂಪರ್ ಸ್ಟಾರ್ ಬಾಯೂ ನಾರುತ್ತದೆ! ನಮ್ಮ ಬಾಯಿ ತೊಳೆಯುವ ಆಳು ಎಂಜಲು. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್‌ವರೆಗೆ ಊರುತ್ತದೆ. ನಿದ್ದೆಯಲ್ಲಿ ಅದಕ್ಕೆ ರಜ. ಅದಕ್ಕೇ ಬೆಳಗಿನ ವಾಸನೆ. ಮುಖ ತೊಳೆದು, ಹಲ್ಲುಜ್ಜಿ, ಇಡ್ಲಿ ತಿಂದರೆ ಹೋಗುತ್ತದೆ. ಬೆಳ್ಳುಳ್ಳಿಯದು ಇನ್ನೊಂದು ತರಹ. ಅದರ ಗಂಧಕ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಉಸಿರಾಗಿ ಬರುತ್ತದೆ. ಎಷ್ಟು ಉಜ್ಜಿದರೂ ಹೋಗದು, ಒಂದು ದಿನ ಕಳೆದರೆ ತಾನೇ ಹೋಗುತ್ತದೆ. ಇವೆರಡಕ್ಕೂ ಡಾಕ್ಟರು ಬೇಡ. ಹಲ್ಲುಜ್ಜಿ ತಿಂಡಿ ತಿಂದ ಮೇಲೂ, ಮಧ್ಯಾಹ್ನವೂ, ಸಂಜೆಯೂ, ವಾರಗಟ್ಟಲೆ ಇದ್ದರೆ ಮಾತ್ರ ಬೇಕೇ ಬೇಕು.

ನಾಲ್ಕು... ಐದು... ಆರು!

ಒಂದು ದಂತ ಕಾಲೇಜಿನ ಆಸ್ಪತ್ರೆಗೆ ಇಬ್ಬರೂ ಹೋದೆವು. ಹತ್ತಾರು ಕುರ್ಚಿ ಸಾಲಾಗಿ ಹಾಕಿದ ದೊಡ್ಡ ಹಾಲು. ಸರ‍್ರ್ ಅನ್ನೋ ಶಬ್ದ. ಗೆಳೆಯನ ಮುಖ ಬಿಳುಚಿತು. ಫೈಟಿಂಗ್ ಸೀನಿಗೆ ಬೇಕಾದರೆ ಮಹಡಿಯಿಂದ ಹಾರುತ್ತಾನೆ, ಹಲ್ಲಿನ ಕುರ್ಚಿ ಅಂದರೆ ನಡುಕ!

ಕಲಿಯುತ್ತಿದ್ದ ಯುವ ಡಾಕ್ಟರು ಕೇಳಿದ ಪ್ರಶ್ನೆಗಳು ಒಂದಲ್ಲ ಎರಡಲ್ಲ. ಎಷ್ಟು ದಿನದಿಂದ? ಉಜ್ಜುವಾಗ ರಕ್ತ ಬರುತ್ತಾ? ಬೀಡಿ, ಸಿಗರೇಟು, ಗುಟ್ಕಾ, ಅಡಿಕೆ? ಬಾಯಿ ಒಣಗುತ್ತಾ? ಬಾಯಲ್ಲಿ ಉಸಿರಾಡ್ತೀರಾ? ಮನೇಲಿ ಯಾರಿಗಾದರೂ ಸಕ್ಕರೆ ಕಾಯಿಲೆ? ಬೇರೆ ಏನು ಮಾತ್ರೆ ತಗೋತೀರಿ?

“ರಕ್ತ ಬರುತ್ತೆ ಮೇಡಂ. ಅದಕ್ಕೇ ಅಲ್ಲಿ ಉಜ್ಜೋದನ್ನ ಬಿಟ್ಟಿದೀನಿ” ಅಂದ ನಮ್ಮ ಮಹಾನುಭಾವ. ಹಿಂದೆ ನಿಂತಿದ್ದ ಹಿರಿಯ ಡಾಕ್ಟರಮ್ಮ ನಕ್ಕರು. “ಕಸ ಇದೆ ಅಂತ ಗುಡಿಸೋದು ಬಿಟ್ಟ ಹಾಗಾಯ್ತು. ರಕ್ತ ಬರೋ ಕಡೇನೇ ಕೊಳೆ ಇರೋದು. ಅಲ್ಲೇ ಚೆನ್ನಾಗಿ, ಮೃದುವಾಗಿ ಉಜ್ಜಬೇಕು.”

ಆಮೇಲೆ ಗೆರೆ ಹಾಕಿದ ಒಂದು ಸಪೂರ ಕಡ್ಡಿ ತಗೊಂಡರು. ಹಲ್ಲಿಗೂ ವಸಡಿಗೂ ಮಧ್ಯೆ ಇಳಿಸಿ ಆಳ ಅಳೆಯೋದು. ಒಬ್ಬರು ಅಳೆದು ಕೂಗುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. “ಮೂರು... ನಾಲ್ಕು... ಐದು... ನಾಲ್ಕು... ಆರು...” ಮಿಲಿಮೀಟರು! ಆರೋಗ್ಯವಾದ ವಸಡಿನಲ್ಲಿ ಒಂದರಿಂದ ಮೂರು ಮಿಲಿಮೀಟರ್ ಅಷ್ಟೇ. ನಾಲ್ಕು ದಾಟಿತು ಅಂದರೆ ವಸಡು ಹಲ್ಲನ್ನು ಬಿಟ್ಟುಕೊಂಡು ಜೇಬು ತೆರೆಯುತ್ತಿದೆ ಅಂತ ಅರ್ಥ. ಆ ಜೇಬಿನೊಳಗೆ ಬ್ರಷ್ಷೂ ಹೋಗದು, ಗಾಳಿಯೂ ಹೋಗದು. ಗಾಳಿ ಕಂಡರಾಗದ ಆ ಪಂಗಡಕ್ಕೆ ಅದೇ ಅರಮನೆ! ಎಕ್ಸ್-ರೇಯಲ್ಲಿ ಹಲ್ಲು ಹಿಡಿದಿರುವ ಮೂಳೆಯೂ ಎರಡು ಕಡೆ ಸ್ವಲ್ಪ ಕರಗಿತ್ತು.

“ಈಗ ಬಂದಿದ್ದು ಒಳ್ಳೇದಾಯ್ತು” ಅಂದರು ಹಿರಿಯ ಡಾಕ್ಟರು. “ಕರಗಿದ ಮೂಳೆ ಮೊದಲಿನ ಹಾಗೆ ತಾನಾಗಿ ಬೆಳೆಯೋದಿಲ್ಲ. ಆದರೆ ಇಲ್ಲಿಗೆ ನಿಲ್ಲಿಸಬಹುದು. ಹೀಗೇ ಬಿಟ್ಟಿದ್ದರೆ ಒಂದೊಂದೇ ಹಲ್ಲು ಅಲುಗಾಡೋಕೆ ಶುರುವಾಗ್ತಿತ್ತು.”

ಗೆಳೆಯ ನನ್ನ ಕಡೆ ನೋಡಿದ. ನಟನಾಗಬೇಕು ಅಂತ ಬಂದವನು. ಹಲ್ಲಿಲ್ಲದ ನಟ! ಇಷ್ಟು ದಿನ ವಾಸನೆ ಅಂದರೆ ಬರೀ ನಾಚಿಕೆಯ ಮಾತು ಅಂದುಕೊಂಡಿದ್ದ. ವಾಸನೆ ಒಂದು ಗಂಟೆ ಮಾತ್ರ, ಬೆಂಕಿ ಬೇರೆ ಕಡೆ ಹತ್ತಿದೆ ಅಂತ ಆಗ ಗೊತ್ತಾಯಿತು.

ಇದು ಅವನೊಬ್ಬನ ಕಥೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ತೀವ್ರ ವಸಡು ರೋಗ ಇರುವವರು ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು. ನೋವು ಮಾಡದೆ ಬರುವ ಕಾಯಿಲೆ ಇದು. ನೋವಿಲ್ಲದ್ದಕ್ಕೇ ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ.

ಪೋಸ್ಟರ್ ಮೇಲೆ ಪೋಸ್ಟರ್

ಸ್ಕೇಲಿಂಗ್ ಅಂದರೆ ಏನು? ಸಿನಿಮಾ ಭಾಷೆಯಲ್ಲೇ ಹೇಳುತ್ತೇನೆ. ಬಸ್ ಸ್ಟ್ಯಾಂಡಿನ ಗೋಡೆ ನೋಡಿದ್ದೀರಲ್ಲ? ರಾತ್ರಿ ಮೈದಾ ಅಂಟು ಬಳಿದು ಪೋಸ್ಟರ್ ಹಚ್ಚುತ್ತಾರೆ. ಹಸಿಯಿದ್ದಾಗ ಬೆರಳಲ್ಲಿ ಎಳೆದರೂ ಬರುತ್ತದೆ. ಒಣಗಿ, ಅದರ ಮೇಲೆ ಇನ್ನೊಂದು, ಮತ್ತೊಂದು ಹಚ್ಚಿ ಗಟ್ಟಿಯಾದ ಮೇಲೆ ಉಳಿ ಸುತ್ತಿಗೆಯೇ ಬೇಕು!

ಹಲ್ಲಿನ ಮೇಲೂ ಅಷ್ಟೇ. ದಿನಾ ಕೂರುವ ಲೋಳೆಗೆ ಪ್ಲೇಕ್ ಅಂತ ಹೆಸರು. ಹಸಿಯಿದ್ದಾಗ ಬ್ರಷ್‌ಗೆ ಬರುತ್ತದೆ. ಬಿಟ್ಟರೆ ಎಂಜಲಿನ ಸುಣ್ಣದಂಶ ಸೇರಿ ಕಲ್ಲಾಗುತ್ತದೆ. ಹಳದಿ, ಕಂದು ಬಣ್ಣದ ಗಾರೆ. ಆಮೇಲೆ ಎಂಥಾ ದುಬಾರಿ ಪೇಸ್ಟು ತಂದರೂ ಜಗ್ಗುವುದಿಲ್ಲ. ಡಾಕ್ಟರು ನೀರು ಚಿಮ್ಮಿಸುವ, ಅತಿವೇಗವಾಗಿ ಕಂಪಿಸುವ ಯಂತ್ರದ ತುದಿಯಿಂದ ಅದನ್ನು ಒಡೆದು ತೆಗೆಯಬೇಕು. ಜೇಬು ಆಳವಾಗಿದ್ದರೆ ವಸಡು ಮರಗಟ್ಟುವ ಇಂಜೆಕ್ಷನ್ ಕೊಟ್ಟು ಬೇರಿನವರೆಗೂ ಕೆರೆದು ನುಣುಪು ಮಾಡುತ್ತಾರೆ. ಗೆಳೆಯನಿಗೆ ಎರಡೂ ಆಯಿತು, ಮೂರು ಸಲ ಕರೆಸಿ ಮಾಡಿದರು.

“ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ, ಸಂದಿ ಬೀಳುತ್ತೆ” ಅನ್ನೋರು ಊರ ತುಂಬಾ ಇದ್ದಾರೆ. ಅದೂ ಸುಳ್ಳು. ಸಂದಿ ಮೊದಲೇ ಇತ್ತು, ಗಾರೆ ಅದರಲ್ಲಿ ಕೂತಿತ್ತು. ಗಾರೆ ಹೋಯಿತು, ಊದಿದ ವಸಡು ಇಳಿಯಿತು, ಸಂದಿ ಕಾಣಿಸಿತು. ಕೆಲವು ದಿನ ತಣ್ಣೀರು ಜುಮ್ಮೆನ್ನಬಹುದು. ಸಾಮಾನ್ಯವಾಗಿ ತಾನೇ ಕಡಿಮೆಯಾಗುತ್ತದೆ.

ನಾಲಿಗೆ ಮರೆತರೆ ಕಥೆ ಮುಗೀತು

ಡಾಕ್ಟರಮ್ಮ ಗೆಳೆಯನಿಗೆ ನಾಲಿಗೆ ಚಾಚಲು ಹೇಳಿದರು. ಮುಂದುಗಡೆ ಕೆಂಪು. ಹಿಂದೆ ಹೋಗುತ್ತಾ ಬಿಳಿ-ಹಳದಿ ಪದರ. ಎಲ್ಲ ಕಡೆ ಉಜ್ಜುತ್ತೇವೆ, ನಾಲಿಗೆಯ ಹಿಂಭಾಗ ಮಾತ್ರ ಮರೆಯುತ್ತೇವೆ. ಅದು ಒಳ್ಳೇ ಜಮಖಾನದ ಹಾಗೆ. ಕೂದಲಂಥ ಏಣುಗಳ ಮಧ್ಯೆ ಕೊಳೆ ಅಡಗುತ್ತದೆ.

ಈ ವಿಷಯದಲ್ಲಿ ನಮ್ಮ ಹಿರಿಯರು ಜಾಣರು. ಚರಕ ಸಂಹಿತೆಯಲ್ಲೇ ನಾಲಿಗೆ ಹೆರೆಯುವ ವಿಧಾನ ಇದೆ. ಚಿನ್ನ, ಬೆಳ್ಳಿ, ತಾಮ್ರದ ಪಟ್ಟಿಯ ಮಾತಿದೆ. ಚಿನ್ನ ಬೇಡ, ಅಂಗಡಿಯ ಸ್ಟೀಲ್ ಪಟ್ಟಿ ಸಾಕು. ಹಿಂದಿನಿಂದ ಮುಂದಕ್ಕೆ, ಮೆಲ್ಲಗೆ, ನಾಲ್ಕೈದು ಸಲ. ಬೆಳ್ಳಂಬೆಳಿಗ್ಗೆ ಓಣಿಗೆಲ್ಲಾ ಕೇಳುವ ಹಾಗೆ ‘ಆಕ್‌ಆಕ್’ ಅಂತ ಕ್ಯಾಕರಿಸಿ ರಕ್ತ ಬರುವಂತೆ ಕೆರೆಯಬೇಕಿಲ್ಲ!

ಹಲ್ಲುಜ್ಜುವುದರಲ್ಲೂ ನಾವು ಶಕ್ತಿಪ್ರದರ್ಶನ ಮಾಡುತ್ತೇವೆ. ಬಕೆಟ್ ಉಜ್ಜಿದ ಹಾಗೆ ಅಡ್ಡಡ್ಡ ಉಜ್ಜಿದರೆ ಹಲ್ಲಿನ ಬುಡ ಸವೆಯುತ್ತದೆ, ಕೊಳೆ ಅಲ್ಲೇ ಇರುತ್ತದೆ. ಮೃದು ಬ್ರಷ್ಷು. ವಸಡಿನ ಅಂಚಿಗೆ ಓರೆಯಾಗಿ ಇಟ್ಟು ಸಣ್ಣಗೆ ಅಲುಗಿಸಬೇಕು. ಎರಡು ನಿಮಿಷ. ಬೆಳಿಗ್ಗೆ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ. ಎರಡರಲ್ಲಿ ಒಂದೇ ಆಗೋದಾದರೆ ರಾತ್ರಿಯದನ್ನು ಬಿಡಬೇಡಿ. ಎಂಜಲಿಗೆ ರಜ ಇರೋದು ಆಗಲೇ. ಮೂರು ನಾಲ್ಕು ತಿಂಗಳಿಗೆ ಬ್ರಷ್ ಬದಲಿಸಿ. ಫ್ಲೋರೈಡ್ ಇರುವ ಪೇಸ್ಟು ಹುಳುಕು ತಡೆಯುತ್ತದೆ. ಹಲ್ಲಿನ ಸಂದಿಗೆ ದಾರ, ಅದೇ ಫ್ಲಾಸ್ ಅಂತಾರಲ್ಲ, ಅದು; ಸಂದಿ ದೊಡ್ಡದಿದ್ದರೆ ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂಥ ಪುಟ್ಟ ಬ್ರಷ್ಷು.

ಇದ್ದಿಲು, ಇಟ್ಟಿಗೆ ಪುಡಿ, ಮರಳು ಬೇಡ. ಹಲ್ಲಿನ ಹೊಳಪಿನ ಪದರವನ್ನೇ ತಿನ್ನುತ್ತವೆ. ಸುಟ್ಟ ಹೊಗೆಸೊಪ್ಪಿನ ಪುಡಿಯಂತೂ ಬೇಡವೇ ಬೇಡ, ಅದು ಹಲ್ಲುಪುಡಿಯ ವೇಷದ ವ್ಯಸನ.

ಬಾಟಲಿ ನೀರಿನ ಮಹಿಮೆ

ಬಾಯಿ ವಾಸನೆಗೂ ಜಾಹೀರಾತಿಗೂ ಹಳೇ ನೆಂಟು. 1879ರಲ್ಲಿ ಅಮೆರಿಕದಲ್ಲಿ ಲಿಸ್ಟರೀನ್ ತಯಾರಾದದ್ದು ಆಪರೇಷನ್ ಮಾಡುವ ಡಾಕ್ಟರುಗಳಿಗಾಗಿ. ಹೆಸರು ಬಂದದ್ದು ಸರ್ಜನ್ ಜೋಸೆಫ್ ಲಿಸ್ಟರ್‌ನಿಂದ. 1920ರ ದಶಕದಲ್ಲಿ ಕಂಪನಿ ‘ಹ್ಯಾಲಿಟೋಸಿಸ್’ ಅನ್ನೋ ವೈದ್ಯರ ಪದವನ್ನು ಮನೆಮನೆಗೆ ತಲುಪಿಸಿತು. ಬಾಯಿ ವಾಸನೆ ಇದ್ದರೆ ಮದುವೆಯೇ ಆಗದು ಅಂತ ಚಿತ್ರಸಮೇತ ಹೆದರಿಸಿತು. ಮಾರಾಟ ಎಲ್ಲೆಲ್ಲಿಗೋ ಹೋಯಿತು!

ನಮ್ಮ ಕಡೆ ಟೂತ್‌ಪೇಸ್ಟು ಬಂದದ್ದು ಹಾಡಿನ ಬೆನ್ನೇರಿ. 1952ರಲ್ಲಿ ರೇಡಿಯೋ ಸಿಲೋನ್‌ನಲ್ಲಿ ಶುರುವಾದ ‘ಬಿನಾಕಾ ಗೀತ್‌ಮಾಲಾ’. ಅಮೀನ್ ಸಯಾನಿಯ ಧ್ವನಿ ಕೇಳಲು ದೇಶವೇ ಕಾಯುತ್ತಿತ್ತು. ಆ ಬಿನಾಕಾ ಒಂದು ಪೇಸ್ಟಿನ ಹೆಸರು.

ಪೇಸ್ಟು ಸರಿ. ಬಾಯಿ ಮುಕ್ಕಳಿಸುವ ಬಾಟಲಿ ನೀರಿನ ಕಥೆ? ಕೊಳೆ ತೆಗೆಯದೆ ಅದನ್ನು ಬಳಸಿದರೆ ಸ್ನಾನ ಮಾಡದೆ ಸೆಂಟು ಹಾಕಿದ ಹಾಗೆ. ಒಂದೆರಡು ಗಂಟೆ ಪರಿಮಳ, ಆಮೇಲೆ ಅದೇ ರಾಗ. ಗೆಳೆಯನಿಗೆ ಡಾಕ್ಟರು ಕ್ಲೋರ್‌ಹೆಕ್ಸಿಡಿನ್ ಅನ್ನೋ ದ್ರವ ಬರೆದುಕೊಟ್ಟರು, ಆದರೆ ಎರಡೇ ವಾರಕ್ಕೆ. ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ನಾಲಿಗೆಯ ರುಚಿ ಕೆಡುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ ಅಂತ ನೀವೇ ಡಾಕ್ಟರಾಗಬೇಡಿ.

ಗುಟ್ಕಾ: ವಾಸನೆ ಮುಚ್ಚುವ ಮೋಸಗಾರ

ಇಲ್ಲಿ ಸ್ವಲ್ಪ ಖಾರವಾಗಿಯೇ ಬರೆಯಬೇಕು. ರಾತ್ರಿ ಶೂಟಿಂಗ್, ರಾತ್ರಿ ಲಾರಿ, ರಾತ್ರಿ ಪಾಳಿ... ನಿದ್ದೆ ತಡೆಯಲು ನಮ್ಮ ಹುಡುಗರ ಬಾಯಲ್ಲಿ ಒಂದು ಚೀಟಿ ಇರಲೇಬೇಕು. ಗೆಳೆಯನೂ ದಿನಕ್ಕೆ ಐದಾರು ಪಾನ್ ಮಸಾಲ ಚೀಟಿ ಹರಿಯುತ್ತಿದ್ದ. ‘ವಾಸನೆ ಹೋಗಲಿ ಅಂತ’ ಅನ್ನೋದು ಅವನ ವಾದ! ಪರಿಮಳ ಮೂಗಿಗೆ ಬರುತ್ತದೆ ನಿಜ, ಆದರೆ ಚೂರುಗಳು ವಸಡಿನ ಸಂದಿಯಲ್ಲಿ ಕೂರುತ್ತವೆ, ವಸಡು ಕೆರಳುತ್ತದೆ.

ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆದದ್ದು 2013ರಲ್ಲಿ. ಅಂಗಡಿಯವರು ಪಾನ್ ಮಸಾಲ ಒಂದು ಚೀಟಿ, ತಂಬಾಕು ಒಂದು ಚೀಟಿ ಅಂತ ಬೇರೆ ಬೇರೆ ಕೊಟ್ಟರೆ ಬೆರೆಸಿಕೊಳ್ಳುವ ಕೈ ನಮ್ಮದೇ. ತಂಬಾಕು ಇಲ್ಲ, ಬರೀ ಅಡಿಕೆ ಅಂತ ಸಮಾಧಾನ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೇ 2004ರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆಯುವ ಮಲೆನಾಡಿನವರಿಗೆ ಈ ಮಾತು ಕಹಿ ಅಂತ ಬಲ್ಲೆ. ಆದರೂ ಬರೆಯದೆ ವಿಧಿಯಿಲ್ಲ. ಅಡಿಕೆ ಜಗಿದು ಜಗಿದು ಕೆನ್ನೆ ಒಳಭಾಗ ಗಟ್ಟಿಯಾಗಿ, ಬಾಯಿ ತೆರೆಯುವುದೇ ಕಷ್ಟವಾಗುವ ಕಾಯಿಲೆಯಿದೆ. ಕನ್ನಡಿ ಮುಂದೆ ನಿಂತು ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಬಾಯೊಳಗೆ ತೂರಿಸಿ ನೋಡಿ. ಹಿಡಿಸದಿದ್ದರೆ, ಖಾರ ತಿಂದರೆ ಉರಿಯುತ್ತಿದ್ದರೆ, ಎರಡು ವಾರ ಕಳೆದರೂ ವಾಸಿಯಾಗದ ಹುಣ್ಣಿದ್ದರೆ ಮಾರನೇ ದಿನವೇ ಡಾಕ್ಟರ ಹತ್ತಿರ ಹೋಗಿ.

ಸಿಗರೇಟಿನದು ಇನ್ನೊಂದು ಕುತಂತ್ರ. ಸೇದುವವರ ವಸಡಿನಲ್ಲಿ ರೋಗವಿದ್ದರೂ ರಕ್ತ ಕಡಿಮೆ ಬರುತ್ತದೆ. ‘ರಕ್ತ ಬರ್ತಿಲ್ಲ, ಸರಿಯಿದೀನಿ’ ಅಂದುಕೊಂಡಿರುತ್ತಾರೆ. ಒಳಗೆ ಮೂಳೆ ಕರಗುತ್ತಿರುತ್ತದೆ.

ಹಲ್ಲು ಸರಿಯಿದ್ದೂ ವಾಸನೆ ಬಂದರೆ?

ಹಲ್ಲಿನ ಡಾಕ್ಟರು ನೋಡಿ ‘ಬಾಯಲ್ಲಿ ಏನೂ ಇಲ್ಲ’ ಅಂದರೆ ಮುಂದಿನ ದಾರಿ ಮೂಗು-ಗಂಟಲಿನ ಡಾಕ್ಟರು. ಟಾನ್ಸಿಲ್ ಗುಳಿಯಲ್ಲಿ ಬಿಳಿ ಕಾಳಿನಂಥದ್ದು ಕಟ್ಟಿಕೊಂಡು ನಾರುವುದುಂಟು. ಸೈನಸ್ ಸೋಂಕಿನಿಂದಲೂ ಬರುವುದುಂಟು. ಅರ್ಧ ಮೂಡಿ ನಿಂತ ಕೊನೆಯ ದವಡೆ ಹಲ್ಲಿನ ಹಿಂದೆ ಅನ್ನ ಸಿಕ್ಕಿ ಕೊಳೆಯುವುದು ನಮ್ಮ ವಯಸ್ಸಿನವರಲ್ಲಿ ಬಹಳ. ಅದನ್ನು ಹಲ್ಲಿನ ಡಾಕ್ಟರೇ ಹಿಡಿಯುತ್ತಾರೆ. ಕೆಲವು ಮಾತ್ರೆಗಳು ಬಾಯಿ ಒಣಗಿಸಿ ವಾಸನೆ ತರುತ್ತವೆ. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ.

ಸಕ್ಕರೆ ಕಾಯಿಲೆಗೂ ವಸಡಿಗೂ ಎರಡು ಕಡೆಯ ಸಂಬಂಧ. ಸಕ್ಕರೆ ಏರಿದರೆ ವಸಡು ಕೆಡುತ್ತದೆ. ವಸಡು ಕೆಟ್ಟರೆ ಸಕ್ಕರೆ ಹಿಡಿತಕ್ಕೆ ಬರುವುದು ಕಷ್ಟ. ಅದಕ್ಕೇ ಗೆಳೆಯನ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಸದ್ಯ, ಸಕ್ಕರೆ ಇರಲಿಲ್ಲ. ಸಕ್ಕರೆ ಕಾಯಿಲೆಯವರ ಉಸಿರು ಕೊಳೆತ ಹಣ್ಣಿನ ಹಾಗೆ, ಉಗುರುಬಣ್ಣ ತೆಗೆಯುವ ದ್ರವದ ಹಾಗೆ ಬಂದು, ಜೊತೆಗೆ ವಾಂತಿ, ಸುಸ್ತು ಇದ್ದರೆ ಅದು ಹಲ್ಲಿನ ಮಾತಲ್ಲ, ತಕ್ಷಣ ದೊಡ್ಡಾಸ್ಪತ್ರೆಗೆ ಓಡಬೇಕಾದ ಮಾತು.

ಇನ್ನು ಕೆಲವರಿದ್ದಾರೆ. ಅವರಿಗೆ ವಾಸನೆಯೇ ಇರುವುದಿಲ್ಲ, ಆದರೆ ಇದೆ ಅನ್ನೋ ಭಯ! ಎದುರಿಗಿರೋನು ಮೂಗು ಮುಟ್ಟಿಕೊಂಡರೂ ತನ್ನಿಂದಲೇ ಅಂತ ಕುಗ್ಗುತ್ತಾರೆ. ಮಾತು ಬಿಡುತ್ತಾರೆ, ಮನೆ ಸೇರುತ್ತಾರೆ. ಇದನ್ನು ಗೇಲಿ ಮಾಡಬೇಡಿ. ಡಾಕ್ಟರು ಪರೀಕ್ಷಿಸಿ ಇಲ್ಲ ಅಂದ ಮೇಲೂ ಭಯ ಹೋಗದಿದ್ದರೆ ಮನಸ್ಸಿನ ಡಾಕ್ಟರ ಸಲಹೆ ಬೇಕು. ನಾಚಿಕೆ ಪಡುವಂಥದ್ದೇನಿಲ್ಲ.

ನಮ್ಮ ವಾಸನೆ ನಮಗೆ ಗೊತ್ತಾಗೋದು ಹೇಗೆ?

ಅಂಗೈ ಬಟ್ಟಲು ಮಾಡಿ ಊದಿ ಮೂಸಿದರೆ ಸರಿಯಾಗಿ ತಿಳಿಯುವುದಿಲ್ಲ. ಸದಾ ಇರುವ ವಾಸನೆಗೆ ನಮ್ಮ ಮೂಗು ಒಗ್ಗಿಹೋಗಿರುತ್ತದೆ. ಮಣಿಕಟ್ಟನ್ನು ನಾಲಿಗೆಯಿಂದ ಸವರಿ, ಹತ್ತು ಎಣಿಸಿ ಮೂಸಿ. ಹಿಂದಿನ ಹಲ್ಲಿನ ಸಂದಿಗೆ ದಾರ ಎಳೆದು ಮೂಸಿ. ಗಂಧಕದ ಅನಿಲ ಅಳೆಯುವ ಯಂತ್ರಗಳೂ ಬಂದಿವೆ. ಆದರೆ ಎಲ್ಲಕ್ಕಿಂತ ನಂಬಿಕೆಯ ಯಂತ್ರ ಇನ್ನೂ ಮನುಷ್ಯನ ಮೂಗೇ! ಮನೆಯಲ್ಲಿ ಅಕ್ಕನನ್ನೋ, ಜೀವದ ಗೆಳೆಯನನ್ನೋ ಕೇಳಿ, “ನಿಜ ಹೇಳು” ಅಂತ.

ಹೇಳುವ ಪಾಳಿ ನಿಮ್ಮದಾದರೆ ನಾಲ್ಕು ಜನರ ಮುಂದೆ ಹೇಳಬೇಡಿ, ಜೋಕ್ ಮಾಡಬೇಡಿ, ಚೀಟಿ ಬರೆದು ಜೇಬಿಗೆ ಹಾಕಬೇಡಿ. ಒಬ್ಬನೇ ಇದ್ದಾಗ, ಒಂದೇ ಮಾತಿನಲ್ಲಿ ಹೇಳಿ, “ನಾನೂ ಬರ್ತೀನಿ” ಅಂತ ಸೇರಿಸಿ.

ದುಡ್ಡಿನ ಚಿಂತೆಯೇ? ದಂತ ಕಾಲೇಜುಗಳ ಆಸ್ಪತ್ರೆಯಲ್ಲಿ ವಿದ್ಯಾರ್ಥಿ ಡಾಕ್ಟರುಗಳು ಅಧ್ಯಾಪಕರ ಕಣ್ಗಾವಲಿನಲ್ಲಿ ಚಿಕಿತ್ಸೆ ಮಾಡುತ್ತಾರೆ. ಖಾಸಗಿ ಕ್ಲಿನಿಕ್ಕಿಗಿಂತ ಖರ್ಚು ಕಡಿಮೆ. ಸಮಯ ಸ್ವಲ್ಪ ಹೆಚ್ಚು ಹಿಡಿಯುತ್ತದೆ ಅಷ್ಟೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜು 1958ರಿಂದ ಇದೆ. ಮಣಿಪಾಲದ ದಂತ ಕಾಲೇಜು ಶುರುವಾದದ್ದು 1965ರಲ್ಲಿ. ಜಿಲ್ಲಾ ಆಸ್ಪತ್ರೆಗಳಲ್ಲೂ ಹಲ್ಲಿನ ವಿಭಾಗ ಇರುತ್ತದೆ, ವಿಚಾರಿಸಿ.

ಗೆಳೆಯನ ಕಥೆ ಏನಾಯಿತು ಅಂತೀರಾ? ಎರಡು ತಿಂಗಳ ನಂತರ ಮತ್ತೆ ಕಡ್ಡಿ ಹಿಡಿದು ಅಳೆದರು. ಆರು ಇದ್ದದ್ದು ನಾಲ್ಕಾಗಿತ್ತು. ಬಹಳ ಕಡೆ ಮೂರು. ರಕ್ತ ನಿಂತಿತ್ತು. ವಾಸನೆ? ಹೋಗಿತ್ತು! ಮಸಾಲ ಚೀಟಿ ಪೂರ್ತಿ ಬಿಟ್ಟಿಲ್ಲ, ಐದಾರು ಇದ್ದದ್ದು ಒಂದಕ್ಕೆ ಬಂದಿದೆ. ಆ ಒಂದರ ವಿಷಯದಲ್ಲಿ ನನಗೂ ಅವನಿಗೂ ಇನ್ನೂ ಜಗಳ ನಡೆಯುತ್ತಿದೆ. ಮೂರು ತಿಂಗಳಿಗೊಮ್ಮೆ ತಪ್ಪದೆ ಬರಬೇಕು ಅಂದಿದ್ದಾರೆ ಡಾಕ್ಟರಮ್ಮ. ವಸಡು ರೋಗ ಮತ್ತೆ ಬರುವ ಜಾತಿಯದು. ಕಳೆದುಹೋದ ಕರೆಗಳೆಲ್ಲಾ ಒಂದೇ ದಿನಕ್ಕೆ ವಾಪಸ್ ಬಂದವು ಅಂತ ಬರೆದರೆ ಅದು ಸಿನಿಮಾ ಆದೀತು. ಬಂದಿಲ್ಲ. ಒಂದೊಂದಾಗಿ ಬರುತ್ತಿವೆ.

ಅಭಿಮಾನಿ ಮಿತ್ರರೇ, ನೆಚ್ಚಿನ ನಾಯಕನ ಹೇರ್‌ಸ್ಟೈಲ್ ಬೇಕು ಅಂತ ಸಲೂನಿನಲ್ಲಿ ಒಂದು ಗಂಟೆ ಕೂರುತ್ತೀರಿ. ಮೊದಲ ದಿನದ ಮೊದಲ ಆಟಕ್ಕೆ ಎರಡು ಗಂಟೆ ಸಾಲಿನಲ್ಲಿ ನಿಲ್ಲುತ್ತೀರಿ. ರಾತ್ರಿ ಮಲಗುವ ಮುಂಚೆ ಎರಡು ನಿಮಿಷ, ಆರು ತಿಂಗಳಿಗೊಂದು ಸಲ ಹಲ್ಲಿನ ಡಾಕ್ಟರ ಕುರ್ಚಿ... ಇಷ್ಟು ಕಾಲ್‌ಶೀಟ್ ನಿಮ್ಮ ಬಾಯಿಗೂ ಕೊಡಿ. ನಾಳೆ ಥಿಯೇಟರಿನಲ್ಲಿ ನೀವು ಶಿಳ್ಳೆ ಹೊಡೆದಾಗ, ಮುಂದಿನ ಸೀಟಿನವನು ಹಿಂದಿರುಗಿ ನೋಡುವುದು ಶಬ್ದಕ್ಕೆ ಮಾತ್ರ ಆಗಲಿ!